ಔಷಧ ಹೊಡೆಯುವ ಪಾಳಿ

ಬೀಡಿ ಸೇದುತ್ತೀರಾ ಎಂದು ಡಾಕ್ಟರು ನನ್ನನ್ನೇ ನೋಡಿ ಕೇಳಿದ್ದರು. ಮಿರಜದ ಆಸ್ಪತ್ರೆ ಅದು, ಕೇಳಿದ್ದು ಮರಾಠಿಯಲ್ಲಿ. ನಾನು ಬಾಯಿ ತೆರೆಯುವುದರೊಳಗೆ ನನ್ನ ಹೆಂಡತಿ ಉತ್ತರ ಕೊಟ್ಟುಬಿಟ್ಟಳು.

"ಬಿಟ್ಟು ಹನ್ನೆರಡ ವರ್ಷ ಆತ್ರಿ. ಮಂಗಸೂಳಿ ಮಲ್ಲಯ್ಯನ ಭಂಡಾರ ಮುಟ್ಟಿ ಆಣಿ ಮಾಡ್ಯಾರ."

ಆಣೆ ಮಾಡಿದ್ದು ನಿಜ. ಅವ್ವ ಹಾಸಿಗೆ ಹಿಡಿದಿದ್ದಳು, ನನ್ನ ಅಂಗೈಯಲ್ಲಿ ದೇವರ ಅರಿಷಿಣ ಸುರಿದು ಮಾತು ತೆಗೆದುಕೊಂಡಳು. ಆ ಮಾತನ್ನು ನಾನು ಉಳಿಸಿಕೊಂಡದ್ದು ಒಂದೇ ತಿಂಗಳು. ಇದನ್ನು ಡಾಕ್ಟರಿಗೆ ಹೇಳಬೇಕಿತ್ತು. ಹೇಳದೆ, ಹೆಂಡತಿಯ ಮಾತಿಗೆ ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ.

ಪಕ್ಕದಲ್ಲಿ ನನ್ನ ತಮ್ಮ ನಿಂತಿದ್ದ. ಅವನು ಬೇರೆಯೇ ಪ್ರಶ್ನೆ ಕೇಳಿದ. "ಸಾಹೇಬ್ರ, ದ್ರಾಕ್ಷಿಗೆ ಹೊಡಿಯೂ ಔಷಧದಿಂದ ಬಂದಿರಬಹುದೇನ್ರಿ?"

ಡಾಕ್ಟರು ಅದರಿಂದಲೇ ಎಂದು ಹೇಳಲಾಗುವುದಿಲ್ಲ, ಇಲ್ಲವೆಂದೂ ಹೇಳಲಾಗುವುದಿಲ್ಲ ಅಂದರು. ತಮ್ಮನಿಗೆ ಅಷ್ಟು ಸಾಕಾಯಿತು. ಅವನ ಮುಖ ಕಪ್ಪಿಟ್ಟಿತು. ಪುಪ್ಪುಸದ ಕ್ಯಾನ್ಸರ್, ಸ್ಮಾಲ್ ಸೆಲ್ ಅನ್ನುವ ಜಾತಿ, ಕೊಯ್ದು ತೆಗೆಯಲು ಬರುವುದಿಲ್ಲ, ಮೊದಲು ಔಷಧಿಯ ಮಾತು ಕೇಳುತ್ತದೆ, ಆಮೇಲೆ ತಿರುಗಿ ಬರಬಹುದು ಎಂದೆಲ್ಲ ಡಾಕ್ಟರು ಹೇಳುತ್ತಿದ್ದರು. ಅವನು ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಮೊದಲು ಪೂರ್ತಿ ಕಬ್ಬಿತ್ತು. ದ್ರಾಕ್ಷಿ ಹಚ್ಚೋಣ ಎಂದು ಹಟ ಹಿಡಿದವನು ತಮ್ಮ, ಬೇಡವೆಂದು ಜಗಳಾಡಿದವನು ನಾನು. ದ್ರಾಕ್ಷಿಗೆ ಹಸುಗೂಸಿಗಿಂತ ಹೆಚ್ಚು ಆರೈಕೆ ಬೇಕು. ಮೋಡ ಕವಿದರೆ ಔಷಧ, ಇಬ್ಬನಿ ಬಿದ್ದರೆ ಔಷಧ. ಯಾರು ಹೊಡೆಯಬೇಕು ಎಂಬ ಮಾತು ಬಂದಾಗ ನಾನೇ ಮುಂದೆ ಬಂದು ಹೇಳಿದ್ದೆ, "ನಿನ್ನ ಮಕ್ಕಳು ಸಣ್ಣವು ಅದಾವ. ಔಷಧದ ಪಾಳಿ ನಂದು." ತಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಅಣ್ಣ ಅಂದರೆ ಇಂಥವನಿರಬೇಕು ಎಂದು ಊರವರೂ ಆಡಿಕೊಂಡರು.

ನಿಜ ಸಂಗತಿ ಬೇರೆ. ಔಷಧ ಹೊಡೆದು ಬಂದವನ ಮೈಯಲ್ಲಿ ಬೀಡಿಯ ವಾಸನೆ ಯಾರಿಗೂ ಹತ್ತುವುದಿಲ್ಲ. ಪಂಪಿನ ಮನೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಹಿಂದೆ ನನ್ನ ಕಟ್ಟು ಇರುತ್ತಿತ್ತು. ಔಷಧ ಹೊಡೆಯುವ ಟ್ರ್ಯಾಕ್ಟರ್ ಹತ್ತುವ ಮೊದಲು ಎರಡು, ಇಳಿದ ಮೇಲೆ ಮೂರು. ಮನೆಗೆ ಹೋದರೆ ಹೆಂಡತಿ ಮೂಗು ಮುಚ್ಚಿಕೊಂಡು ಬಿಸಿನೀರು ತೋಡಿ ಕೊಡುವಳು, ಪಾಪ, ಎಷ್ಟು ದುಡಿಯುತ್ತಾನೆ ಗಂಡ ಎಂದುಕೊಂಡು.

ಕಿಮೋ ಶುರುವಾಯಿತು. ಮೂರು ವಾರಕ್ಕೊಮ್ಮೆ ಮೂರು ದಿನ ಬಾಟಲಿ ಏರಿಸುತ್ತಾರೆ. ಏರಿಸುವಾಗ ಏನೂ ಆಗುವುದಿಲ್ಲ, ಇಷ್ಟೇನಾ ಎಂದು ಜಂಬ ಬರುತ್ತದೆ. ಮನೆಗೆ ಬಂದ ಮೇಲೆ ಜಂಬ ಇಳಿಯುತ್ತದೆ. ಕುಡಿಯುವ ನೀರೂ ಹಳೆ ಮೊಳೆ ಚೀಪಿದ ಹಾಗೆ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಿ, ಹೆಂಡತಿ ಹಿತ್ತಲಲ್ಲಿ ಒಲೆ ಹೂಡಿ ಅಡಿಗೆ ಮಾಡತೊಡಗಿದಳು. ಬಾಯಿ ಹುಣ್ಣಾಗಿ ರೊಟ್ಟಿ ದೂರವಾಯಿತು. ತಣ್ಣನೆಯ ಅಂಬಲಿ, ನುಣ್ಣಗೆ ಕಲಸಿದ ಮೊಸರನ್ನ, ಅಷ್ಟೇ. ಬೆರಳ ತುದಿಗಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲು ಬರದು. ಕೂದಲು ದಿಂಬಿಗೆ ಅಂಟಿಕೊಂಡು ಬಂತು. ಬೀಡಿ ನೆನೆದರೂ ವಾಂತಿ. ಮಲ್ಲಯ್ಯ ಮಾಡಿಸದ ಕೆಲಸವನ್ನು ಕಿಮೋ ಮಾಡಿಸಿತು.

ಈ ಎಲ್ಲದಕ್ಕೂ ಕೈಯಾದವನು ತಮ್ಮ. ಗುಂಡಿ ಹಾಕುವವನು ಅವನು, ಬೋಗುಣಿ ಹಿಡಿಯುವವನು ಅವನು, ತೊಳೆದಿಡುವವನೂ ಅವನೇ. ಸ್ಟೀಲಿನ ಚಮಚ ಬಾಯಿಗೆ ಕಹಿ ಎಂದರೆ ಕಾಗವಾಡಕ್ಕೆ ಹೋಗಿ ಪ್ಲಾಸ್ಟಿಕ್ಕಿನದು ತಂದ. ಜ್ವರ ಬಂದ ದಿನ ಗಾಡಿಯನ್ನು ಎಲ್ಲಿಯೂ ನಿಲ್ಲಿಸದೆ ಮಿರಜ ಮುಟ್ಟಿಸಿದ. ತೋಟದಿಂದ ಬಂದರೆ ಪಂಪಿನ ಹತ್ತಿರವೇ ಮೈ ತೊಳೆದು, ಬೇರೆ ಅರಿವೆ ಹಾಕಿಕೊಂಡೇ ನನ್ನ ಕೋಣೆಗೆ ಬರುತ್ತಿದ್ದ. ಔಷಧದ ಒಂದು ಹನಿಯ ವಾಸನೆಯೂ ನನಗೆ ತಾಗಬಾರದು ಎಂದು. ಮಳೆಗಾಲದಲ್ಲಿ ಕೂಲಿಯವನಿಂದ ಹೊಡೆಸಿದ. ನಾನು ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದೆ. ನಿದ್ದೆ ಅಂದುಕೊಂಡು ಅವನು ಕಾಲು ಒತ್ತುತ್ತಿದ್ದ. ನಾಚಿಕೆ ಎಂದರೆ ಏನು ಎಂದು ನನಗೆ ಆಗ ಗೊತ್ತಾಯಿತು.

ನಾಲ್ಕನೆಯ ಸುತ್ತು ಮುಗಿದು ಎರಡು ವಾರವಾಗಿತ್ತು. ದಸರೆ ಕಳೆದು ಎಲ್ಲರೂ ದ್ರಾಕ್ಷಿಯ ಚಾಟಣಿಗೆ, ಅಂದರೆ ಹಣ್ಣಿಗಾಗಿ ಕಡ್ಡಿ ಕತ್ತರಿಸುವುದಕ್ಕೆ, ತಯಾರಾಗಿದ್ದರು. ತಮ್ಮ ಬಂದು ಮಂಚದ ತುದಿಗೆ ಕುಳಿತ.

"ಅಣ್ಣಾ, ಈ ಸಲ ಚಾಟಣಿ ಇಲ್ಲ. ಬುಡಕ್ಕ ಕೊಡಲಿ ಹಾಕ್ತೀನಿ. ನಾಳೆ ಆಳು ಬರ್ತಾರ."

"ಯಾಕ?"

"ನಿನ್ನ ತಿಂದದ್ದು ಸಾಲದೇನು?"

ಒಂಬತ್ತು ವರ್ಷ ಅವನು ಕೈಯಾರೆ ಬೆಳೆಸಿದ ಬಳ್ಳಿಗಳು. ನಾನು ಎದ್ದು ಕುಳಿತು, ತೋಟಕ್ಕೆ ಕರೆದುಕೊಂಡು ಹೋಗು ಅಂದೆ. ಕೊನೆಯ ಸಲ ನೋಡಲು ಎಂದು ತಿಳಿದು ತೋಳು ಹಿಡಿದು ನಡೆಸಿದ. ಪಂಪಿನ ಮನೆಯ ಹೊಸ್ತಿಲಲ್ಲಿ ಏದುಸಿರು ಬಂದು ಕುಳಿತುಬಿಟ್ಟೆ.

"ಸ್ಟಾರ್ಟರ್ ಪೆಟಗಿ ಹಿಂದ ಕೈ ಹಾಕು," ಅಂದೆ.

ಅರ್ಧ ಕಟ್ಟು ಬೀಡಿ, ಕಡ್ಡಿಪೆಟ್ಟಿಗೆ, ಒಂದು ಪುಡಿಕೆ ಏಲಕ್ಕಿ ಹೊರಗೆ ಬಂದವು.

"ಯಾರವು ಇವು?"

"ನನ್ನವ. ಆಣಿ ಮಾಡಿದ ಮುಂದಿನ ತಿಂಗಳಿಂದ ಸೇದೀನಿ. ಬೀಡಿ ವಾಸನಿ ಮುಚ್ಚಲಿ ಅಂತ ಔಷಧ ಹೊಡೀತಿದ್ದೆ. ಬಳ್ಳಿ ಕಡಿಬ್ಯಾಡ."

ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವನು ಕಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಒಂದೇ ಮಾತು ಕೇಳಿದ.

"ಅಂದ್ರ, ನನ್ನ ಮಕ್ಕಳ ಸಲುವಾಗಿ ಅಲ್ಲ?"

ಇದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಅದೂ ಒಂದಿಷ್ಟು ಇತ್ತು ಎನ್ನಬಹುದಿತ್ತು. ಇತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಆದರೆ ಅಷ್ಟು ವರ್ಷ ಸುಳ್ಳು ಹೇಳಿದವನು ತನಗೆ ಬೇಕಾದಷ್ಟು ಒಳ್ಳೆಯತನವನ್ನು ಉಳಿಸಿಕೊಳ್ಳಲು ಹೋಗಬಾರದು ಅನ್ನಿಸಿತು.

"ಅಲ್ಲ," ಅಂದೆ.

ಅವನು ಆಳುಗಳಿಗೆ ಫೋನು ಮಾಡಿ, ಕೊಡಲಿ ಬೇಡ, ಕತ್ತರಿ ತರ್ರಿ ಎಂದು ಹೇಳಿದ. ಬಂದ ಹಾಗೆಯೇ ತೋಳು ಹಿಡಿದು ಮನೆಗೆ ಕರೆತಂದ. ಅವತ್ತು ಸಂಜೆ ಹೆಂಡತಿಗೂ ನಾನೇ ಹೇಳಿದೆ. ಅವಳು ಎರಡು ದಿನ ಅಂಬಲಿಯನ್ನು ಬಾಗಿಲಲ್ಲೇ ಇಟ್ಟು ಹೋದಳು, ಹೊತ್ತು ಮಾತ್ರ ತಪ್ಪಿಸಲಿಲ್ಲ.

ಚಾಟಣಿಯಾಗಿ ಚಿಗುರು ಬಂತು. ಐದನೆಯ ಸುತ್ತು ಮುಗಿಸಿ ನಾನು ಮಲಗಿದ್ದೆ. ತಮ್ಮ ತೋಟದಿಂದ ನೇರ ಒಳಗೆ ಬಂದ. ಸ್ನಾನವಿಲ್ಲ, ಅಂಗಿಯ ತುಂಬ ಔಷಧದ ಕಲೆ. ಕೂಲಿಯವನನ್ನು ಬಿಡಿಸಿ ತಾನೇ ಟ್ರ್ಯಾಕ್ಟರ್ ಹತ್ತಿದ್ದ. ಮೂಗಿಗೆ ಅರಿವೆಯನ್ನೂ ಕಟ್ಟಿಕೊಂಡಿರಲಿಲ್ಲ.

"ನೀ ಹೊಡಿಬ್ಯಾಡೋ. ನಿನ್ನ ಮಕ್ಕಳು ಸಣ್ಣವು ಅದಾವ," ಅಂದೆ.

ಹಿಂದೆ ಆಡಿದ್ದ ಅದೇ ಮಾತು. ಈ ಸಲ ಅದರಲ್ಲಿ ನನ್ನ ಲಾಭ ಏನೂ ಇರಲಿಲ್ಲ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ, ನಂಬಬೇಕೋ ಬೇಡವೋ ಎಂದು. ಅಷ್ಟರಲ್ಲಿ ಆ ವಾಸನೆಗೆ ನನಗೆ ಓಕರಿಕೆ ಬಂತು. ಅವನು ಮಂಚದ ಕೆಳಗಿಂದ ಬೋಗುಣಿ ಎಳೆದು, ಬೆನ್ನಿಗೆ ಒಂದು ಕೈ ಕೊಟ್ಟು, ಹಿಡಿದ.