ಮನೆಯಲ್ಲಿ ಯಾರೂ ಕರೆಯದ ಹೆಸರು

ನನ್ನ ಮೊಮ್ಮಗಳು ಶಾಲೆಯಲ್ಲಿ ಹೆಸರು ಕೂಗಿದಾಗ ‘ಹಾಜರ್ ರೀ’ ಅಂದಳು. ಕಿಟಕಿಯ ಹೊರಗೆ ನಿಂತು ನಾನೇ ಕೇಳಿದೆ. ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕ ಬಳೆಗಾರನಿಗೂ ಹೇಳಿದೆ.

ಅದಕ್ಕೆ ಮೊದಲು ಹೆಸರು ಕೂಗಿದರೆ ಅವಳು ಸುಮ್ಮನೆ ಕೂತಿರುತ್ತಿದ್ದಳಂತೆ. ಕಿವುಡು ಹುಡುಗಿ, ಹೆಸರು ತೆಗೆದು ಮನೆಗೆ ಕಳಿಸಿ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು. ನಾನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಇವಳಾದರೂ ಓದಲಿ ಎಂಬುದು ನನ್ನ ಆಸೆ. ಕಲಿಸುವ ಅಕ್ಕೋರು ಹೆಸರು ತೆಗೆಯಲಿಲ್ಲ. ಬಿಸಿಲಿನಲ್ಲಿ ನಡೆದು ನಮ್ಮ ಮನೆಗೇ ಬಂದರು.

“ಆಯಿ, ಹುಡುಗಿಗೆ ಕಿವಿ ಕೇಳಸ್ತಾವೇನ್ರಿ?”

“ಬೆಲ್ಲದ ಡಬ್ಬಿ ತಗದ್ರ ಓಣ್ಯಾಗಿಂದ ಓಡಿ ಬರ್ತಾಳ್ರಿ.”

“ಮತ್ತ ಹೆಸರು ಕರದ್ರ ಯಾಕ ಓ ಅನ್ನಂಗಿಲ್ಲ?” ಎಂದು ಅವರು ಆ ಹೆಸರು ಹೇಳಿದರು.

ನಾನು ಸೆರಗು ಸರಿಮಾಡಿಕೊಂಡೆ. “ಅದು ನಮ್ಮತ್ತಿ ಹೆಸರ್ರಿ. ಅವರು ತೀರಿಕೊಂಡ ಮ್ಯಾಲೆ ಇಕಿಗೆ ಇಟ್ಟೇವಿ. ಅತ್ತಿ ಹೆಸರು ನಾ ಹೆಂಗ ಹಿಡಿದು ಕರೀಲಿ? ನನ್ನ ಸೊಸಿನೂ ಕರಿಯಂಗಿಲ್ಲ. ಎಲ್ಲಾರೂ ಅವ್ವಿ ಅಂತೀವ್ರಿ.”

ಆ ಹೆಸರು ನಮ್ಮ ಮನೆಯಲ್ಲಿ ಕೇಳುತ್ತಿದ್ದುದು ವರ್ಷಕ್ಕೊಮ್ಮೆ, ಹಿರಿಯರಿಗೆ ಎಡೆ ಇಡುವಾಗ, ನನ್ನ ಮಗನ ಬಾಯಿಂದ. ಬಾಗಿಲ ಹಿಂದಿನಿಂದ ಮೊಮ್ಮಗಳು ಅಂದಳು: “ಅದು ಸತ್ತ ಮುತ್ತಜ್ಜಿ ಹೆಸರ್ರಿ. ಅಕಿ ಸಾಲಿಗೆ ಬರಂಗಿಲ್ರಿ.”

ಅಕ್ಕೋರು ನಕ್ಕು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. “ಮುತ್ತಜ್ಜಿ ತನ್ನ ಹೆಸರು ನಿನಗ ಕೊಟ್ಟು ಹೋಗ್ಯಾಳ. ಇನ್ನ ಅದಕ್ಕ ನೀನ ಓ ಅನ್ನಬೇಕು.” ಆಮೇಲೆ ನನ್ನ ಕಡೆ ತಿರುಗಿ, “ಮನ್ಯಾಗ ಏನಂತ ಕರೀತೀರಿ ಅಂತ ನಾ ಮೊದಲನೇ ದಿನಾನ ಕೇಳಬೇಕಿತ್ರಿ” ಅಂದರು.

ಎಂಥ ದೊಡ್ಡ ಮಾತು. ಮಕ್ಕಳನ್ನು ನೋಡಿಕೊಳ್ಳುವವರೆಲ್ಲ ಇದೊಂದನ್ನು ಕೇಳಿದರೆ ಎಷ್ಟು ಮಕ್ಕಳು ಬಾಯಿ ಬಿಡುತ್ತಾರೋ. ಮರುದಿನದಿಂದ ಅಕ್ಕೋರು ಹೆಸರಿನ ಜೊತೆ ‘ಅವ್ವಿ’ ಸೇರಿಸಿ ಕೂಗತೊಡಗಿದರು. ಅದು ರೂಢಿಯಾದ ಮೇಲೆ ಒಂದು ದಿನ ಬರೀ ಹೆಸರು ಕೂಗಿದರು. ನಾನು ಕಿಟಕಿಯ ಹೊರಗೆ ನಿಂತದ್ದು ಅಂದೇ.

ಸಂಜೆ ಗೋಧಿ ಹುಗ್ಗಿ ಮಾಡಿದೆ. ರೈಲ್ವೆ ಕಾರಖಾನೆಯಿಂದ ಬಂದ ಮಗ, “ನಾನೂ ಸಾಲಿಗೆ ಹೋಗಿದ್ನಿ. ನನಗ ಯಾವತ್ತರ ಹುಗ್ಗಿ ಮಾಡಿದ್ಯೇನವ್ವ?” ಅಂದ.

“ನೀ ಹೋಗಿದ್ದು ಸಾಲಿ ಹಿಂದಿನ ಮಾವಿನ ಗಿಡಕ್ಕ” ಅಂದೆ.

ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದನ್ನು ಅಂದು ಬಿಟ್ಟು ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಮೊಮ್ಮಗಳು ಶಾಲೆಯ ಸುದ್ದಿ ಹೇಳುತ್ತ ಉಣ್ಣುವುದನ್ನೇ ಮರೆತಳು. ಸೊಸೆ ತುತ್ತು ಮಾಡಿ ಅವಳ ಬಾಯಿಗಿಟ್ಟು, ತಾನೂ ಉಂಡಳು.