ಪ್ರತಿ ಅಡಿಕೆಗೂ ಒಂದು ವಿಳಾಸ

ದುರ್ಗಿಗುಡಿಯ ನಮ್ಮ ಆಫೀಸೆಂದರೆ ಎರಡು ಕೋಣೆ, ಮೂರು ಕಂಪ್ಯೂಟರು ಮತ್ತು ಎಲ್ಲವನ್ನೂ ಬಲ್ಲ ಒಬ್ಬ ಯಜಮಾನರು. ಬಣ್ಣ ನೋಡಿ ಅಡಿಕೆ ಬೇರ್ಪಡಿಸುವ ಯಂತ್ರ ಅವರ ಕನಸು. ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕರ್ಮ. ಯಂತ್ರವನ್ನು ಕಟ್ಟಿದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದ, ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಮೇಸ್ತ್ರಿ.

ಮೊದಲ ಪ್ರಯೋಗದ ದಿನ ಅವರ ವರ್ಕ್‌ಶಾಪಿನಲ್ಲಿ ಬೆಲ್ಟ್ ಚೆನ್ನಾಗಿಯೇ ಓಡಿತು. ಕಪ್ಪು ಅಡಿಕೆ ಬಂದರೆ ಪೈಪಿನಿಂದ ಗಾಳಿ ನುಗ್ಗಿ ಅದನ್ನು ಕೆಡವಬೇಕಿತ್ತು. ಆದರೆ ನನ್ನ ಪ್ರೋಗ್ರಾಂ ಯೋಚಿಸಿ ಮುಗಿಸುವಷ್ಟರಲ್ಲಿ ಕಪ್ಪು ಅಡಿಕೆ ಗಣ್ಯರ ಹಾಗೆ ದಾಟಿಹೋಗಿ, ಹಿಂದಿದ್ದ ನಿರಪರಾಧಿ ಹಾರಿ ಬೀಳುತ್ತಿತ್ತು.

“ಏನ್ ಮೇಡಂ, ನಿಮ್ ಮಿಷಿನ್‌ಗೆ ಒಳ್ಳೇವ್ರನ್ನ ಕಂಡ್ರೆ ಆಗಲ್ವಾ?” ಎಂದರು ಮೇಸ್ತ್ರಿ.

ಯಜಮಾನರು ಕಂಪ್ಯೂಟರನ್ನು ಜ್ವರ ನೋಡುವಂತೆ ಮುಟ್ಟಿದರು. “ಬಿಸಿ ಆಗಿದೆ ಮಾರಾಯ್ತಿ. ಫ್ಯಾನ್ ಹಾಕ್ಸೋಣ.”

ಫ್ಯಾನ್ ಬಂತು. ಒಳ್ಳೆಯ ಅಡಿಕೆಗಳು ಆಮೇಲೆ ತಂಪಾಗಿ ಹಾರಿ ಬಿದ್ದವು.

ಆಫೀಸಿಗೆ ಮರಳಿ, ಪ್ರೋಗ್ರಾಮಿನ ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದೆ. ಹೊತ್ತೆಲ್ಲ ಒಂದೇ ಲೂಪಿನಲ್ಲಿ, ಮತ್ತೆ ಮತ್ತೆ ಸುತ್ತುವ ಕೆಲವು ಸಾಲುಗಳಲ್ಲಿ, ಹೋಗುತ್ತಿತ್ತು. ಹೊಸ ಅಡಿಕೆಯ ಬಣ್ಣವನ್ನು ಹಿಂದೆ ಬಂದ ಸಾವಿರಾರು ಅಡಿಕೆಗಳ ಬಣ್ಣಕ್ಕೆ ಹೋಲಿಸುವ ಲೂಪ್ ಅದು. ಒಂದು ಅಡಿಕೆಯ ವಿವರಗಳೆಲ್ಲ ಇದ್ದ ಸ್ಟ್ರಕ್ಚರ್ ತೆರೆದು ನೋಡಿದರೆ, ಬಣ್ಣದ ಜೊತೆಗೆ ಚೀಲದ ನಂಬರು, ರೈತರ ಹೆಸರು, ಊರು, ಪೂರ್ತಿ ವಿಳಾಸ! ಒಂದೊಂದು ಅಡಿಕೆಗೂ! ಲೂಪಿಗೆ ಬೇಕಿದ್ದದ್ದು ಬಣ್ಣವೊಂದೇ. ಪ್ರೊಸೆಸರ್ ಮಾತ್ರ ಮೆಮೊರಿಯಿಂದ ಒಂದೊಂದೇ ಕಾಳು ಹೆಕ್ಕುವುದಿಲ್ಲ, ಅಕ್ಕಪಕ್ಕದ್ದನ್ನೂ ಸೇರಿಸಿ ಬಾಚಿ ತರುತ್ತದೆ. ಹಾಗಾಗಿ ಪ್ರತಿ ಸಲವೂ ಬಣ್ಣದ ಜೊತೆ ಯಾರದೋ ಪಿನ್‌ಕೋಡ್ ಹೊತ್ತು ಬರುತ್ತಿತ್ತು.

“ಯಾವ ಬುದ್ಧಿವಂತ ಬರೆದಿದ್ದು ಇದನ್ನ?” ಎಂದು ಇಡೀ ಆಫೀಸಿಗೆ ಕೇಳುವಂತೆ ಗುಡುಗಿದೆ. ಮೇಲಿನ ಸಾಲಿಗೆ ಹೋದಾಗ ಎರಡು ವರ್ಷದ ಹಿಂದಿನ ನನ್ನದೇ ಟಿಪ್ಪಣಿ ಕಂಡಿತು: ‘ಎಲ್ಲ ಮಾಹಿತಿಯೂ ಒಂದೇ ಕಡೆ. ಎಷ್ಟು ಅಚ್ಚುಕಟ್ಟು!’ ಕಿವಿ ಬಿಸಿಯಾಯಿತು. ಯಾರೂ ಗಮನಿಸದಿರಲಿ ಎಂದು ಕೆಮ್ಮಿದೆ.

ಬಣ್ಣಗಳನ್ನಷ್ಟೇ ಬೇರೆ ಅರೇಯಲ್ಲಿ, ಅಂದರೆ ಒಂದೇ ಪಟ್ಟಿಯಲ್ಲಿ, ಒತ್ತಾಗಿ ಜೋಡಿಸಿದೆ. ವಿಳಾಸವನ್ನು ಚೀಲಕ್ಕೊಂದರಂತೆ ಇಟ್ಟೆ. ಪ್ರತಿ ಸುತ್ತಿನಲ್ಲೂ ಸ್ಟ್ರಕ್ಚರಿಗೇ ಹೋಗಿ ಬಣ್ಣಗಳ ವ್ಯತ್ಯಾಸದ ಮೊತ್ತ ಬರೆಯುತ್ತಿದ್ದದ್ದನ್ನು ಬಿಟ್ಟು, ಲೂಪ್ ಮುಗಿದ ಮೇಲೆ ಒಂದೇ ಸಲ ಬರೆಯುವಂತೆ ಮಾಡಿದೆ. ಅರ್ಧ ದಿನದ ಕೆಲಸ.

ಮರುದಿನ ಭದ್ರಾವತಿಯಲ್ಲಿ ಕಪ್ಪು ಅಡಿಕೆಗಳು ಒಂದೊಂದಾಗಿ ಉದುರಿದವು. ಯಜಮಾನರು ಆಗಲೇ ಹೊರಗೆ ನಿಂತು ಫೋನಿನಲ್ಲಿ “ನಮ್ ಟೀಮ್ ಅಂದ್ರೆ ಸುಮ್ನೆ ಅಲ್ಲ ಸರ್” ಎನ್ನುತ್ತಿದ್ದರು. ನಾನು ಮೇಸ್ತ್ರಿಯ ಹತ್ತಿರ ನಿಜ ಹೇಳಿಬಿಟ್ಟೆ: “ತಪ್ಪು ನಂದೇ ಆಗಿತ್ತು.”

ಅವರು ನಗಲಿಲ್ಲ. “ನಾನು ಒಂದ್ಸಲ ಕಾರ್ಖಾನೇಲಿ ರೋಲರ್ ಉಲ್ಟಾ ಕೂರ್ಸಿ, ವಾರ ಪೂರ್ತಿ ಬೇರೆ ಶಿಫ್ಟಿನವ್ರನ್ನ ಬೈದಿದ್ದೆ. ಇವತ್ತಿಗೂ ಯಾರ್ಗೂ ಹೇಳಿಲ್ಲ ನೋಡಿ” ಎಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಕೂತೆ. ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು.