ಈ ಕ್ಯಾಮೆರಾ ನೋಡಬಹುದು

ಬೆಳಗಿನ ಐದಕ್ಕೆ ಹತ್ತು ನಿಮಿಷವಿದೆ. ಚೆನ್ನೈನ ವಡಪಳನಿಯ ಸ್ಟುಡಿಯೋ ಒಂದರ ಗೇಟಿನ ಮುಂದೆ ಅರವತ್ತು ಜನ ಸಾಲುಗಟ್ಟಿದ್ದಾರೆ. ಇವರೆಲ್ಲ ಜೂನಿಯರ್ ಆರ್ಟಿಸ್ಟ್‌ಗಳು. ಇವತ್ತಿನ ಚಿತ್ರೀಕರಣದಲ್ಲಿ ನಾಯಕನ ಹಿಂದೆ ಸಂತೆಯ ಜನವಾಗಿ ಓಡಾಡಬೇಕಾದವರು. ಒಬ್ಬೊಬ್ಬರೂ ತಮ್ಮ ಫೋನ್ ಎತ್ತಿ, ಮುಖ ತೋರಿಸಿ, ಆ್ಯಪ್‌ನಲ್ಲಿ ಹಾಜರಿ ಹಾಕುತ್ತಿದ್ದಾರೆ. ಪಕ್ಕದಲ್ಲೇ ನೂಲಿನ ಸೀರೆಯುಟ್ಟು, ಕಂಕುಳಲ್ಲಿ ನೋಟ್‌ಬುಕ್ ಇರುಕಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ ಹೆಂಗಸನ್ನು ನೋಡಿದರೆ ಶಾಲೆಗೆ ಬಂದ ಇನ್‌ಸ್ಪೆಕ್ಟರಮ್ಮ ಅನ್ನಬೇಕು. ಇವರು ಅಂಬುಜಾ, ವಯಸ್ಸು ಐವತ್ತಾರು.

"ಕೈ ಮುಂದೆ ಬಿಟ್ರೆ ಕೆಟ್ಟೆ ನಾನು. ಪಾಪ ಅನ್ಸಿ ನಾನೇ ಒತ್ತಿಬಿಡ್ತೀನಿ. ಆಮೇಲೆ ಅವ್ರಿಗೆ ಎಲ್ಲಿ ಕಷ್ಟ ಆಗ್ತಿದೆ ಅಂತ ನಂಗೆ ಹೇಗ್ರೀ ಗೊತ್ತಾಗ್ಬೇಕು?" ಎನ್ನುತ್ತಾರೆ, ಕೈ ಬಿಚ್ಚದೆಯೇ.

ಈ ಆ್ಯಪ್ ಮಾಡಿದ್ದು ವೇಳಚೇರಿಯ ಒಂದು ಪುಟ್ಟ ಕಂಪನಿ. ನಾಲ್ಕು ತಿಂಗಳು ಇದು ಬೀಟಾ, ಅಂದರೆ ಪರೀಕ್ಷೆಯ ಹಂತದಲ್ಲಿತ್ತು. ಬಳಸುವವರು ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಂಡು ಬಂದು ಎಂಜಿನಿಯರುಗಳಿಗೆ ಹೇಳುವುದು, ಕಲಿಸಿಕೊಡುವ ವಿಡಿಯೋವನ್ನು ತಿದ್ದಿ ತಿದ್ದಿ ಹೊಸದು ಮಾಡಿಸುವುದು ಅಂಬುಜಾ ಕೆಲಸ. ಹೆಸರು, ತೊಡಕು, ತೆಗೆದುಕೊಂಡ ಸೆಕೆಂಡುಗಳು, ಹೀಗೆ ಒಂಬತ್ತು ನೋಟ್‌ಬುಕ್ ತುಂಬಿವೆ. ಒಬ್ಬರಿಗೆ ನಾಲ್ಕು ಸೆಕೆಂಡು ಮೀರಬಾರದು ಎಂಬುದು ಆಫೀಸಿನ ಗುರಿ. ಅದಕ್ಕಾಗಿ ಈಕೆ ದಿನಾ ಮೂರಕ್ಕೆ ಏಳುತ್ತಾರೆ. ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಂಡೇ ಹೊರಡುತ್ತಾರೆ.

ಚಿತ್ರದುರ್ಗದ ಕಡೆಯ ತಂದೆ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದು ನೆಲೆಸಿದ್ದರಿಂದ ಅಂಬುಜಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಇಪ್ಪತ್ತಾರು ವರ್ಷ ವಿಮಾ ಕಚೇರಿಯ ಕೌಂಟರಿನಲ್ಲಿ ಕೂತು ಜನರಿಂದ ಫಾರಂ ತುಂಬಿಸಿದವರು. "ಅಲ್ಲೇ ಕಲ್ತಿದ್ದು. ಹತ್ತು ಜನ ಒಂದೇ ಜಾಗದಲ್ಲಿ ತಪ್ಪು ಬರೆದ್ರೆ ತಪ್ಪು ಅವ್ರದಲ್ಲ, ಫಾರಂದು. ಆದ್ರೆ ಬಾಯ್ಬಿಟ್ಟು ಯಾರೂ ಹೇಳಲ್ಲ. ಆ್ಯಪ್ ಹೆಂಗಿದೆ ಅಂದ್ರೆ 'ಸೂಪರ್‌ಮಾ' ಅಂತಾರೆ, ನನ್ ಮನಸ್ಸು ನೋಯಬಾರ್ದು ಅಂತ. ಅದಕ್ಕೇ ಕೇಳಲ್ಲ, ನೋಡ್ತೀನಿ." ಮಗಳು ಪ್ರಣಮ್ಯಾಗೆ ಅಮ್ಮನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಸುಮ್ಮಾ ನಿಕ್ಕರದು ಒರು ವೇಲೆಯಾಮ್ಮಾ?" ಎಂದು ಛೇಡಿಸುತ್ತಾಳೆ. ಸುಮ್ಮನೆ ನಿಲ್ಲುವುದೂ ಒಂದು ಕೆಲಸವೇ ಎಂದು! ಹೌದು ತಾಯಿ, ಭಾರೀ ಕಷ್ಟದ ಕೆಲಸ.

ಎಷ್ಟು ಕಷ್ಟ ಎಂಬುದು ಗಂಗಾಧರಪ್ಪನವರ ವಿಷಯದಲ್ಲಿ ಗೊತ್ತಾಯಿತು. ಹಾವೇರಿ ಕಡೆಯಿಂದ ಬಂದು ನಲವತ್ತು ವರ್ಷದಿಂದ ಗುಂಪಿನ ದೃಶ್ಯಗಳಲ್ಲಿ ನಿಲ್ಲುತ್ತಿರುವ ಅರವತ್ತೊಂಬತ್ತರ ಹಿರಿಯರು. ಅವರು ಫೋನ್ ಎತ್ತಿದಾಗಲೆಲ್ಲ ಅದು 'ಮುಖ ಸಿಗಲಿಲ್ಲ' ಎಂದು ಕೆಂಪಗಾಗುತ್ತಿತ್ತು. ಒಂದನೇ ತಾರೀಖಿನಿಂದ ಕಾಗದದ ಹಾಜರಿ ಪುಸ್ತಕ ಇರುವುದಿಲ್ಲ. ಮೂರು ಸಲ ತಪ್ಪಿದರೆ ಆ ದಿನ ಗೈರು. ಎಂಜಿನಿಯರ್ ಅಜಿತ್ ಬೆಳಕು ಕಮ್ಮಿ ಎಂದ, ಕಣ್ಣಿನ ಪೊರೆ ಇರಬಹುದು ಎಂದ. ಬೆಳಕು ಹೆಚ್ಚಿಸಿದ್ದಾಯಿತು, ಕಣ್ಣಿನ ತಪಾಸಣೆಯೂ ಆಯಿತು. ಊಹ್ಞೂಂ.

"ಬಿಡವ್ವಾ, ನನ್ನ ಮಾರಿ ಮಷೀನಿಗೂ ಕಾಣಂಗಿಲ್ಲ. ಮನ್ಯಾಗ ಕುಂದರತೇನಿ," ಅಂದುಬಿಟ್ಟರು ಗಂಗಾಧರಪ್ಪ. ಮರುದಿನವೂ ಬರಲೇಬೇಕೆಂದು ಅಂಬುಜಾ ಅವರಿಂದ ಮಾತು ತೆಗೆದುಕೊಂಡರು.

ಹನ್ನೊಂದು ಬೆಳಗು ಅವರು ಗಂಗಾಧರಪ್ಪನವರ ಬೆರಳನ್ನೇ ನೋಡಿದ್ದರು. ಹನ್ನೆರಡನೆಯ ಬೆಳಗು ಕಣ್ಣು ನೋಡಿದರು. ಪರದೆಯಲ್ಲಿ ಕ್ಯಾಮೆರಾ ತೆರೆದದ್ದೇ ತಡ, ಆ ಕಣ್ಣುಗಳು ಮೆಲ್ಲಗೆ ಎಡಕ್ಕೆ ಜಾರಿದವು. ಕಣ್ಣು ನೇರ ನೋಡದಿದ್ದರೆ ಆ್ಯಪ್ ಮುಖವನ್ನು ಒಪ್ಪುವುದಿಲ್ಲ. ಕೇಳಿದರೆ ಗಂಗಾಧರಪ್ಪನವರಿಗೇ ಆಶ್ಚರ್ಯ. "ಕ್ಯಾಮೆರಾ ನೋಡಬಾರದಲ್ಲವ್ವಾ! ಒಮ್ಮೆ ನೋಡಿದ್ದಕ್ಕ ಇಡೀ ಶಾಟ್ ಹಾಳಾಗಿ, ಎಲ್ಲಾರ ಮುಂದ ಬೈಸಿಕೊಂಡು ಸೆಟ್ ಬಿಟ್ಟು ಹೊರಗ ಹೋಗೇನಿ. ಅವತ್ತಿನಿಂದ ಒಮ್ಮೆನೂ ನೋಡಿಲ್ಲ."

ಅಂಬುಜಾ ಅಲ್ಲೇ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ತಿರುವಿದರು. ಮುಖ ಸಿಗದವರು ಹದಿನೇಳು ಮಂದಿ, ಒಬ್ಬೊಬ್ಬರೂ ಇಪ್ಪತ್ತು ವರ್ಷ ದಾಟಿದ ಅನುಭವಿಗಳು. ಹೊಸಬರಿಗೆ ತೊಂದರೆಯೇ ಇಲ್ಲ. "ಮೇಡಂ, ಇದು ಎನ್ ಕೋಡ್‌ಲ ಇಲ್ಲವೇ ಇಲ್ಲ!" ಎಂದು ಅಜಿತ್ ತಲೆ ಮೇಲೆ ಕೈ ಹೊತ್ತ. ಕ್ಯಾಮೆರಾ ನೋಡಬಾರದೆಂಬ ಹಳೆಯ ಭಯ ಅವನ ಕೋಡಿನಲ್ಲಿ ಎಲ್ಲಿಂದ ಬರಬೇಕು? ಹಳೆಯ ವಿಡಿಯೋ 'ಕ್ಯಾಮೆರಾ ನೋಡಿ' ಎಂದು ಗದರುತ್ತಿತ್ತು. ಹೊಸದರಲ್ಲಿ ಅಂಬುಜಾ ತಮ್ಮ ದನಿಯಲ್ಲೇ, ತಮಿಳಿನಲ್ಲಿ, ಮೆತ್ತಗೆ ಹೇಳುತ್ತಾರೆ: ಇದು ಸೆಟ್ಟಿನ ಕ್ಯಾಮೆರಾ ಅಲ್ಲ. ಇದನ್ನು ನೋಡಬಹುದು. ಯಾರೂ ಬೈಯುವುದಿಲ್ಲ.

ಹದಿನಾರು ಮಂದಿ ಪಾರಾದರು. ಗಂಗಾಧರಪ್ಪ ಮಾತ್ರ ನಿನ್ನೆಯವರೆಗೂ ಆಗಿರಲಿಲ್ಲ.

ಇವತ್ತು ಒಂದನೇ ತಾರೀಖು. ಸಾಲು ಕರಗುತ್ತ ಬಂದು ಈಗ ಅವರ ಸರದಿ. ಫೋನ್ ಎತ್ತುತ್ತಾರೆ. ಕಣ್ಣು ಜಾರುತ್ತದೆ, ಪರದೆ ಕೆಂಪು. ಮತ್ತೊಮ್ಮೆ ಎತ್ತುತ್ತಾರೆ, ಮತ್ತೆ ಕೆಂಪು. ಉಳಿದದ್ದು ಒಂದೇ ಸಲ. ಬೆನ್ನ ಹಿಂದೆ ಅಂಬುಜಾ ಬೆರಳುಗಳು ಒಂದನ್ನೊಂದು ಹಿಂಡುತ್ತಿವೆ. ಬಾಯಿ ತುದಿಗೆ ಮಾತು ಬಂದಿದೆ, ನುಂಗಿಕೊಳ್ಳುತ್ತಾರೆ. ನಾಳೆ ತಾನಿಲ್ಲದಾಗಲೂ ಇವರು ಇಲ್ಲಿ ನಿಲ್ಲಬೇಕಲ್ಲ.

ಗಂಗಾಧರಪ್ಪ ಕಣ್ಣು ಮುಚ್ಚುತ್ತಾರೆ. "ಇದನ್ನ ನೋಡಬಹುದು... ಯಾರೂ ಬೈಯಂಗಿಲ್ಲ," ಎಂದು ತಮಗೆ ತಾವೇ ಗೊಣಗಿಕೊಂಡು ಕಣ್ಣು ತೆರೆಯುತ್ತಾರೆ, ನೆಟ್ಟಗೆ. ಪರದೆ ಹಸಿರಾಗುತ್ತದೆ. ಹಾಜರಿ ಬಿತ್ತು!

ಆದರೆ ಅವರು ಫೋನ್ ಇಳಿಸುವುದಿಲ್ಲ. ಕ್ಯಾಮೆರಾ ಇನ್ನೂ ತೆರೆದಿದೆ, ಅದರ ತುಂಬ ಅವರೊಬ್ಬರದೇ ಮುಖ.

"ಪೆರಿಯವರೇ, ಸೀಕ್ಕಿರಂ!" ಹಿಂದಿನಿಂದ ಯಾರೋ ಅವಸರಪಡಿಸುತ್ತಾರೆ.

"ಇನ್ನೊಂದೀಟು ನೋಡ್ಲೇನವ್ವಾ?"

"ನೋಡಿ ಗಂಗಾಧರಪ್ನೋರೇ, ನಿಧಾನಕ್ಕೆ ನೋಡಿ," ಎನ್ನುವ ಅಂಬುಜಾ ಆಗ ಕೈ ಬಿಚ್ಚುತ್ತಾರೆ. ಮೊದಲು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದಕ್ಕೆ, ಆಮೇಲೆ ನೋಟ್‌ಬುಕ್ಕಿಗೆ. ಅವರು ಬರೆಯುವುದು ಇಷ್ಟೇ: ಗಂಗಾಧರಪ್ಪ. ಇಪ್ಪತ್ತಮೂರು ಸೆಕೆಂಡು. ಇರಲಿ.